ತವರಿನಲ್ಲೇ, ಅದೂ ಪಟ್ಟದ ಎದುರಾಳಿಗೇ: ಫುಟ್‌ಬಾಲ್ ಅಭಿಮಾನಿಗೆ ಆ ಒಂದು ಸೋಲು ಯಾಕೆ ಅಷ್ಟು ನೋಯುತ್ತದೆ?

ಕೊಡಗು ಹಾಕಿಯ ಜಿಲ್ಲೆ. ಇಲ್ಲಿ ಆಟ ಅಂದರೆ ಮೊದಲು ಸ್ಟಿಕ್ಕು, ಆಮೇಲೆ ಉಳಿದದ್ದು. ಆದರೂ ಸಿದ್ದಾಪುರ, ಸುಂಟಿಕೊಪ್ಪ, ಅಮ್ಮತ್ತಿ, ವಿರಾಜಪೇಟೆ ಕಡೆಯವರಿಗೆ ಫುಟ್‌ಬಾಲ್ ಹೊಸದೇನಲ್ಲ. ಗಡಿಯಾಚೆ ಕಣ್ಣೂರು, ವಯನಾಡು ಇವೆ. ಅಲ್ಲಿನ ಫುಟ್‌ಬಾಲ್ ಹುಚ್ಚು ಮಾಕುಟ್ಟದ ಚೆಕ್‌ಪೋಸ್ಟ್‌ನಲ್ಲೋ ಕುಟ್ಟದಲ್ಲೋ ನಿಲ್ಲುವಂಥದ್ದಲ್ಲ. ಈಗ ಮೊಬೈಲ್ ಬಂದ ಮೇಲೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ನೇರವಾಗಿ ಮನೆಯೊಳಗೇ ಬಂದಿದೆ.

ಇದರ ಜೊತೆಗೆ ಒಂದು ಹೊಸ ಸಮಸ್ಯೆಯೂ ಬಂದಿದೆ. ವಾರಾಂತ್ಯದ ಮ್ಯಾಚ್ ಮುಗಿದ ಮರುದಿನ ಮನೆಯ ಹುಡುಗ ಮಾತಾಡುವುದಿಲ್ಲ. ಕಡಂಬುಟ್ಟು ತಟ್ಟೆಯಲ್ಲೇ ಆರುತ್ತದೆ. ಏನಾಯ್ತು ಅಂದರೆ 'ಸೋತ್ವಿ' ಅಂತಾನೆ. 'ಒಂದು ಮ್ಯಾಚ್ ತಾನೇ? ಇನ್ನೂ ಫಸ್ಟ್ ಪ್ಲೇಸಲ್ಲೇ ಇದ್ದೀರಲ್ಲ?' ಅಂತ ದೊಡ್ಡವರು ಕೇಳುತ್ತಾರೆ. ಅವನಿಗೆ ಇನ್ನಷ್ಟು ಸಿಟ್ಟು ಬರುತ್ತದೆ.

ದೊಡ್ಡವರು ಕೇಳುವುದರಲ್ಲಿ ತಪ್ಪಿಲ್ಲ. ಅವನ ಮುನಿಸಿಗೂ ಕಾರಣ ಇದೆ. ಅದು ಲೀಗ್ ಅನ್ನೋ ಪದ್ಧತಿಯ ಲೆಕ್ಕದಲ್ಲಿ ಅಡಗಿದೆ. ಆ ಲೆಕ್ಕ ಗೊತ್ತಿಲ್ಲದಿದ್ದರೆ ಅವನ ದುಃಖ ಸುಮ್ನೆ ನಾಟಕದ ಹಾಗೆ ಕಾಣುತ್ತದೆ.

ಸೋತರೂ ಮನೆಗೆ ಹೋಗುವಂತಿಲ್ಲ

ನಮ್ಮ ಕಡೆ ಜನ ನೋಡಿ ಬೆಳೆದದ್ದು ಬಹುತೇಕ ನಾಕೌಟ್ ಟೂರ್ನಿಗಳನ್ನು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನೇ ನೋಡಿ. ಒಂದು ಒಕ್ಕದ ತಂಡ ಸೋತರೆ ಅದರ ಕಥೆ ಆ ವರ್ಷಕ್ಕೆ ಮುಗಿಯಿತು. ಬೇಸರ ಆಗುತ್ತದೆ, ಊಟ ಮಾಡಿ ಉಳಿದ ಮ್ಯಾಚ್ ನೋಡುತ್ತಾರೆ, ಮುಂದಿನ ವರ್ಷ ನೋಡೋಣ ಅಂತಾರೆ. ಊರೂರಿನ ಗೋಲ್ಡ್ ಕಪ್ ಫುಟ್‌ಬಾಲ್ ಟೂರ್ನಿಗಳೂ ಹಾಗೇ. ನೋವು ಜೋರಾಗಿರುತ್ತದೆ, ಆದರೆ ಬೇಗ ಮುಗಿಯುತ್ತದೆ.

ಲೀಗ್ ಹಾಗಲ್ಲ. ಪ್ರೀಮಿಯರ್ ಲೀಗ್‌ನಲ್ಲಿ 20 ತಂಡ. ಪ್ರತಿ ತಂಡವೂ ಉಳಿದ 19 ತಂಡಗಳ ಜೊತೆ ಎರಡೆರಡು ಸಲ ಆಡುತ್ತದೆ. ಒಂದು ಸಲ ತನ್ನ ಮೈದಾನದಲ್ಲಿ, ಇನ್ನೊಂದು ಸಲ ಅವರ ಮೈದಾನದಲ್ಲಿ. ಒಟ್ಟು 38 ಮ್ಯಾಚ್. ಆಗಸ್ಟ್‌ನಲ್ಲಿ ಇಲ್ಲಿ ಮಳೆ ಸುರಿಯುತ್ತಿರುವಾಗ ಶುರುವಾದರೆ ಕಾಫಿ ಕೊಯ್ಲು ಮುಗಿದು, ಹೂಮಳೆ ಬಂದು ಹೋಗಿ, ಮೇ ತಿಂಗಳಲ್ಲಿ ಮುಗಿಯುತ್ತದೆ. ಗೆದ್ದರೆ 3 ಪಾಯಿಂಟ್, ಡ್ರಾ ಆದರೆ 1, ಸೋತರೆ ಸೊನ್ನೆ. ಎಲ್ಲ ಮುಗಿದ ಮೇಲೆ ಯಾರ ಹತ್ತಿರ ಪಾಯಿಂಟ್ ಜಾಸ್ತಿಯೋ ಅವರೇ ಚಾಂಪಿಯನ್.

ಐಪಿಎಲ್ ನೋಡಿ ರೂಢಿಯಾದವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಇಲ್ಲಿ ಪ್ಲೇಆಫ್ ಇಲ್ಲ. ಸೆಮಿಫೈನಲ್ ಇಲ್ಲ. ಫೈನಲ್ಲೂ ಇಲ್ಲ. ಪಾಯಿಂಟ್ ಟೇಬಲ್ ಏನು ಹೇಳುತ್ತದೋ ಅದೇ ತೀರ್ಪು. ಹಾಗಾಗಿ ಪಟ್ಟಕ್ಕೆ ನಿಜವಾಗಿ ಪೈಪೋಟಿ ಮಾಡುತ್ತಿರುವ ಎರಡು ತಂಡ ಮುಖಾಮುಖಿ ಆಗುವ ಮ್ಯಾಚೇ ಫೈನಲ್‌ಗೆ ಅತಿ ಹತ್ತಿರದ್ದು. ಅಂಥವು ಇಡೀ ಸೀಸನ್‌ನಲ್ಲಿ ಎರಡೇ. ಒಂದು ನಮ್ಮಲ್ಲಿ, ಒಂದು ಅವರಲ್ಲಿ. ಹುಡುಗ ಮುನಿಸಿಕೊಂಡು ಕೂತಿರುವುದು 38ರಲ್ಲಿ ಒಂದು ಮ್ಯಾಚ್ ಸೋತದ್ದಕ್ಕಲ್ಲ, ಎರಡರಲ್ಲಿ ಒಂದು ಸೋತದ್ದಕ್ಕೆ. ಅದೂ ಇದ್ದುದರಲ್ಲಿ ಸುಲಭದ್ದನ್ನು, ಅಂದರೆ ತವರಿನದ್ದನ್ನು.

ಪಟ್ಟದ ಎದುರಾಳಿ ಬೇರೆ, ಪರಂಪರೆಯ ಎದುರಾಳಿ ಬೇರೆ. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನದು ನೆರೆಹೊರೆಯ ಜಿದ್ದು. ಕೊಡಗಿನಲ್ಲಿ ಎರಡೂ ಕಡೆಯವರು ಒಂದೇ ಅಂಗಡಿಯಲ್ಲಿ ಟೀ ಕುಡಿಯುತ್ತಾರಾದ್ದರಿಂದ ಅದು ಎಲ್ಲರಿಗೂ ಗೊತ್ತು. ಆ ಜಿದ್ದಿಗೆ ಟೇಬಲ್ ಬೇಕಾಗಿಲ್ಲ, ಇಬ್ಬರೂ ಕೊನೆಯ ಸ್ಥಾನದಲ್ಲಿದ್ದರೂ ಅದು ನಡೆಯುತ್ತದೆ. ಪಟ್ಟದ ಎದುರಾಳಿ ಅಂದರೆ ಈ ವರ್ಷ ನಮ್ಮ ಜೊತೆ ಒಂದನೇ ಸ್ಥಾನಕ್ಕೆ ಗುದ್ದಾಡುತ್ತಿರುವ ತಂಡ. ಹೋದ ವರ್ಷ ಅದರ ಹೆಸರು ಯಾರೂ ಎತ್ತದೇ ಇದ್ದಿರಬಹುದು.

ಮೂರು ಹೋದರೆ ಆರು ಹೋದ ಹಾಗೆ

ಅಭಿಮಾನಿಗಳು ಇಂಥ ಮ್ಯಾಚನ್ನು 'ಸಿಕ್ಸ್ ಪಾಯಿಂಟರ್' ಅಂತಾರೆ. ಸಿಗುವುದು ಮೂರೇ ಪಾಯಿಂಟ್, ಆರು ಎಲ್ಲಿಂದ ಬಂತು?

ಎರಡು ತೋಟದವರ ಕಣದಲ್ಲಿ ಸಮಸಮ ಕಾಫಿ ಮೂಟೆ ಇವೆ ಅಂದುಕೊಳ್ಳಿ. ನಡುವೆ ಇನ್ನೂ ಮೂರು ಮೂಟೆ ಬಿದ್ದಿವೆ, ಯಾರಾದರೂ ಒಬ್ಬರಿಗೆ ಪೂರ್ತಿ ಸೇರಬೇಕು. ನಿಮಗೆ ಸಿಕ್ಕರೆ ನೀವು ಮೂರು ಮೂಟೆ ಮುಂದೆ. ಪಕ್ಕದವರಿಗೆ ಹೋದರೆ ನೀವು ಮೂರು ಮೂಟೆ ಹಿಂದೆ. ಮೂರು ಮುಂದಿನಿಂದ ಮೂರು ಹಿಂದಕ್ಕೆ ದೂರ ಆರು.

ಟೇಬಲ್‌ನಲ್ಲಿ ಎಲ್ಲೋ ಕೆಳಗಿರುವ ತಂಡಕ್ಕೆ ಸೋತರೆ ನಮಗೆ ಮೂರು ತಪ್ಪಿತು, ಅಷ್ಟೇ. ಅವರಿಗೆ ಸಿಕ್ಕ ಮೂರರಿಂದ ನಮಗೇನೂ ಆಗಬೇಕಾಗಿಲ್ಲ. ಆದರೆ ಪಟ್ಟದ ಎದುರಾಳಿಗೆ ಸೋತರೆ ನಮಗೆ ತಪ್ಪಿದ್ದು ನೇರ ಅವರ ಖಾತೆಗೆ ಹೋಗುತ್ತದೆ.

ಇದಕ್ಕೆ 2022-23ರ ಸೀಸನ್ನಿಗಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. ಆ ವರ್ಷ ಬಹುಪಾಲು ಕಾಲ ಆರ್ಸೆನಲ್ ಮೇಲಿತ್ತು. ಹಿಂದೆ ಮ್ಯಾಂಚೆಸ್ಟರ್ ಸಿಟಿ. 2023ರ ಫೆಬ್ರವರಿ 15ರಂದು ಲಂಡನ್ನಿನ ಎಮಿರೇಟ್ಸ್ ಮೈದಾನಕ್ಕೆ, ಅಂದರೆ ಆರ್ಸೆನಲ್ ಮನೆಗೆ, ಸಿಟಿ ಬಂತು. ನಮ್ಮಲ್ಲಿ ಆಗ ರಾತ್ರಿ ಒಂದು ಗಂಟೆ. ಮ್ಯಾಚ್‌ಗೆ ಮುಂಚೆ ಆರ್ಸೆನಲ್ 51, ಸಿಟಿ 48. ಆರ್ಸೆನಲ್ ಗೆದ್ದಿದ್ದರೆ 54-48, ಆರಾಮದ ಅಂತರ. ಆದದ್ದು 1-3ರ ಸೋಲು. ಎರಡೂ ತಂಡ 51ಕ್ಕೆ ಬಂದು ನಿಂತವು, ಗೋಲಿನ ಲೆಕ್ಕದಲ್ಲಿ ಸಿಟಿ ಮೇಲೇರಿತು.

ಸೀಸನ್ ಮುಗಿದಾಗ ಸಿಟಿ 89, ಆರ್ಸೆನಲ್ 84. ಐದು ಪಾಯಿಂಟ್ ಅಂತರ ನೋಡಿ ಸಿಟಿ ಸಲೀಸಾಗಿ ಗೆದ್ದಿತು ಅನ್ನಿಸಬಹುದು. ಈಗ ಫೆಬ್ರವರಿಯ ಆ ಒಂದು ಫಲಿತಾಂಶ ಮಾತ್ರ ತಿರುಗಿಸಿ. ಸಿಟಿಯಿಂದ 3 ಕಳೆದರೆ 86. ಆರ್ಸೆನಲ್‌ಗೆ 3 ಸೇರಿಸಿದರೆ 87. ಚಾಂಪಿಯನ್ ಬದಲಾದರು!

ನಿಜ, ಆಟದಲ್ಲಿ ಒಂದು ಎಳೆ ಎಳೆದರೆ ಉಳಿದದ್ದೆಲ್ಲ ಹಾಗೇ ಉಳಿಯುವುದಿಲ್ಲ. ಆ ಸೋಲಿನ ನಂತರ ಆರ್ಸೆನಲ್ ಸಾಲಾಗಿ ಮ್ಯಾಚ್ ಗೆದ್ದು ಮತ್ತೆ ಮೇಲೇರಿತ್ತು, ಏಪ್ರಿಲ್‌ನಲ್ಲಿ ಮತ್ತೆ ಮುಗ್ಗರಿಸಿತು, ಸಿಟಿಯ ಮೈದಾನದಲ್ಲಿ 1-4ರಲ್ಲಿ ಸೋತಿತು. ಆದರೂ ಅಭಿಮಾನಿ ತಿಂಗಳುಗಟ್ಟಲೆ ತಲೆಯಲ್ಲಿ ಓಡಿಸುವ ಲೆಕ್ಕ ಇದೇ. ಐದರ ಅಂತರವನ್ನು ಮುಚ್ಚಲು ಒಂದೇ ಸಂಜೆ ಸಾಕಿತ್ತು ಅನ್ನೋ ಲೆಕ್ಕ.

ಇಂಗ್ಲೆಂಡಿನಲ್ಲಿ 1981ರವರೆಗೆ ಗೆಲುವಿಗೆ ಸಿಗುತ್ತಿದ್ದದ್ದು ಎರಡೇ ಪಾಯಿಂಟ್. ಆಗ ಇದೇ ಸೋಲಿನ ಬೆಲೆ ನಾಲ್ಕು. ತಂಡಗಳು ಡ್ರಾಗೆ ಸಮಾಧಾನಪಡದೆ ಗೆಲ್ಲಲು ಆಡಲಿ ಅಂತ ಮೂರು ಮಾಡಿದರು. ಆಟ ಚುರುಕಾಯಿತೋ ಇಲ್ಲವೋ ಅನ್ನೋದು ಬೇರೆ ಚರ್ಚೆ, ಇಂಥ ಸೋಲು ದುಬಾರಿಯಾದದ್ದಂತೂ ಹೌದು.

'ಸೋತಾಗಿದೆ, ಇನ್ನೆಷ್ಟು ಗೋಲು ಬಿದ್ದರೇನು?'

ಎರಡು ತಂಡಗಳ ಪಾಯಿಂಟ್ ಸಮ ಆದರೆ ಪ್ರೀಮಿಯರ್ ಲೀಗ್ ಮೊದಲು ನೋಡುವುದು ಗೋಲ್ ಡಿಫರೆನ್ಸ್. ಇಡೀ ಸೀಸನ್‌ನಲ್ಲಿ ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದರೆ ಬರುವ ಸಂಖ್ಯೆ. ಐಪಿಎಲ್‌ನ ನೆಟ್ ರನ್ ರೇಟ್ ಮಾಡುವ ಕೆಲಸವನ್ನೇ ಇದು ಮಾಡುತ್ತದೆ. ಅದಕ್ಕಿಂತ ಎಷ್ಟೋ ಸುಲಭ, ಕ್ಯಾಲ್ಕ್ಯುಲೇಟರ್ ಬೇಕಾಗಿಲ್ಲ. ಅದೂ ಸಮ ಆದರೆ ಯಾರು ಜಾಸ್ತಿ ಗೋಲು ಹೊಡೆದಿದ್ದಾರೆ ಅಂತ ನೋಡುತ್ತಾರೆ.

ಹಾಗಾಗಿ ಎದುರಾಳಿಗೆ ಸೋಲುವುದು ಒಂದು ನಷ್ಟ, ದೊಡ್ಡ ಅಂತರದಲ್ಲಿ ಸೋಲುವುದು ಇನ್ನೊಂದು ನಷ್ಟ. ಇಲ್ಲಿಯೂ ಅದೇ ಎರಡರ ಗುಣಾಕಾರ ಇದೆ. ಐದು ಗೋಲಿನ ಅಂತರದಲ್ಲಿ ಸೋತರೆ ನಮ್ಮ ಡಿಫರೆನ್ಸ್ ಐದು ಇಳಿಯುತ್ತದೆ, ಅವರದ್ದು ಐದು ಏರುತ್ತದೆ. ಒಟ್ಟು ಹತ್ತು.

ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಯ ಹತ್ತಿರ 2011ರ ಅಕ್ಟೋಬರ್ 23 ಅಂತ ಹೇಳಿ ನೋಡಿ. ಆ ಭಾನುವಾರ ಅವರ ಸ್ವಂತ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ, ಅದೇ ಊರಿನ ಸಿಟಿ ಅವರನ್ನು 6-1ರಲ್ಲಿ ಸೋಲಿಸಿತು. ಎರಡನೇ ಅವಧಿಯ ಶುರುವಿನಲ್ಲೇ ಯುನೈಟೆಡ್‌ನ ಜಾನಿ ಎವಾನ್ಸ್ ಕೆಂಪು ಕಾರ್ಡ್ ಪಡೆದು ಹೊರಹೋಗಿದ್ದರು. ಉಳಿದ ಹತ್ತು ಜನ ಬಾಗಿಲು ಮುಚ್ಚಿಕೊಂಡು ಕೂರುವ ಬದಲು ಮುಂದಕ್ಕೆ ನುಗ್ಗುತ್ತಲೇ ಇದ್ದರು. ಕೊನೆಯ ನಿಮಿಷಗಳಲ್ಲಿ 3-1 ಇದ್ದದ್ದು 6-1 ಆಯಿತು. ಆಗ ಅದು ಬರೀ ಮರ್ಯಾದೆ ಪ್ರಶ್ನೆ ಅನ್ನಿಸಿತ್ತು. ಸೀಸನ್ ಇನ್ನೂ ಏಳು ತಿಂಗಳು ಬಾಕಿ.

ಏಪ್ರಿಲ್ ಹೊತ್ತಿಗೆ ಯುನೈಟೆಡ್ ಎಂಟು ಪಾಯಿಂಟ್ ಮುಂದಿತ್ತು, ಆರೇ ಮ್ಯಾಚ್ ಉಳಿದಿದ್ದವು. ಅಲ್ಲಿಂದ ಎಡವಿದರು. ವಿಗಾನ್‌ಗೆ ಸೋತರು, ಎವರ್ಟನ್ ಜೊತೆ 4-4 ಡ್ರಾ, ಆಮೇಲೆ ಸಿಟಿಯ ಮೈದಾನದಲ್ಲಿ 0-1. ಮೇ 13ರಂದು ಕೊನೆಯ ದಿನ. ಕ್ವೀನ್ಸ್ ಪಾರ್ಕ್ ರೇಂಜರ್ಸ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಅಗುಯೆರೊ ಹೊಡೆದ ಗೋಲಿನಿಂದ ಸಿಟಿ 3-2ರಲ್ಲಿ ಗೆದ್ದಿತು. ಎರಡೂ ತಂಡ 89 ಪಾಯಿಂಟ್. ಗೋಲ್ ಡಿಫರೆನ್ಸ್ ಸಿಟಿಗೆ 64, ಯುನೈಟೆಡ್‌ಗೆ 56. ಪಟ್ಟ ಸಿಟಿಗೆ.

ಎಂಟು ಗೋಲಿನ ಅಂತರ. ಒಂದೇ ಮಧ್ಯಾಹ್ನ ಓಲ್ಡ್ ಟ್ರಾಫರ್ಡ್‌ನಲ್ಲಿ ಕೈಬದಲಾದದ್ದು ಹತ್ತು.

ಈ ಲೆಕ್ಕದಲ್ಲಿ ಇನ್ನೂ ವಿಚಿತ್ರವಾದ ಒಂದು ಮೂಲೆ ಇದೆ. ಪೇಪರ್ ಪೆನ್ನು ತಗೊಂಡು ಮಾಡಿ ನೋಡಿ. ಸಿಟಿ ಆ ಸೀಸನ್‌ನಲ್ಲಿ 93 ಗೋಲು ಹೊಡೆದು 29 ಬಿಟ್ಟುಕೊಟ್ಟಿತ್ತು. ಯುನೈಟೆಡ್ 89 ಹೊಡೆದು 33 ಬಿಟ್ಟುಕೊಟ್ಟಿತ್ತು. ಅವತ್ತು ಯುನೈಟೆಡ್ ಸೋತೇ ಇರಲಿ, ಆದರೆ 1-6ರ ಬದಲು 1-2ರಲ್ಲಿ ಸೋತಿತ್ತು ಅಂತ ಇಟ್ಟುಕೊಳ್ಳಿ. ಆಗ ಸಿಟಿ 89 ಹೊಡೆದು 29 ಬಿಟ್ಟಂತೆ. ಯುನೈಟೆಡ್ ಕೂಡ 89 ಹೊಡೆದು 29 ಬಿಟ್ಟಂತೆ. ಪಾಯಿಂಟ್ ಸಮ, ಡಿಫರೆನ್ಸ್ ಸಮ, ಹೊಡೆದ ಗೋಲೂ ಸಮ! ಲೆಕ್ಕದ ಮಟ್ಟಿಗೆ ಎರಡು ತಂಡಗಳ ನಡುವೆ ಕೂದಲೆಳೆಯ ವ್ಯತ್ಯಾಸವೂ ಇರುತ್ತಿರಲಿಲ್ಲ. ಆದ್ದರಿಂದಲೇ 0-3 ಆದ ಮೇಲೂ ಹುಡುಗ ಟಿವಿ ಆರಿಸದೆ, 'ಇನ್ನೊಂದು ಬೀಳದಿದ್ದರೆ ಸಾಕು' ಅಂತ ಉಗುರು ಕಚ್ಚುತ್ತಾ ಕೂರುವುದು. ಅದು ಹುಚ್ಚಲ್ಲ, ಲೆಕ್ಕ.

ಎಲ್ಲ ದೇಶದಲ್ಲೂ ಇದೇ ನಿಯಮ ಇಲ್ಲ. ಸ್ಪೇನ್‌ನ ಲಾ ಲಿಗಾದಲ್ಲಿ ಪಾಯಿಂಟ್ ಸಮ ಆದರೆ ಮೊದಲು ನೋಡುವುದು ಆ ಎರಡು ತಂಡಗಳು ಪರಸ್ಪರ ಆಡಿದ ಮ್ಯಾಚ್‌ಗಳನ್ನು. 2006-07ರಲ್ಲಿ ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ ಎರಡೂ 76 ಪಾಯಿಂಟ್. ಗೋಲ್ ಡಿಫರೆನ್ಸ್‌ನಲ್ಲಿ ಬಾರ್ಸಿಲೋನಾ ಬಹಳ ಮುಂದಿತ್ತು. ಆದರೆ ಮ್ಯಾಡ್ರಿಡ್ ತನ್ನ ಮೈದಾನದಲ್ಲಿ 2-0 ಗೆದ್ದು, ಬಾರ್ಸಿಲೋನಾದಲ್ಲಿ 3-3 ಡ್ರಾ ಮಾಡಿಕೊಂಡಿತ್ತು. ಪಟ್ಟ ಮ್ಯಾಡ್ರಿಡ್‌ಗೆ ಹೋಯಿತು. ಅಲ್ಲಿ ಎದುರಾಳಿಗೆ ಸೋತರೆ ಪಾಯಿಂಟೂ ಹೋಗುತ್ತದೆ, ಸಮ ಬಂದಾಗ ತೀರ್ಪು ಹೇಳುವ ಅಸ್ತ್ರವೂ ಅವರ ಕೈಗೆ ಹೋಗುತ್ತದೆ.

ಸ್ವಂತ ಮೈದಾನ ಅಂದರೆ ನಿಜಕ್ಕೂ ಲಾಭ ಇದೆಯಾ?

ಇದೆ. ಅಂಕಿ ಅಂಶ ಅದನ್ನು ದಶಕಗಳಿಂದ ಹೇಳುತ್ತಿವೆ. ಪ್ರೀಮಿಯರ್ ಲೀಗ್‌ನ ಸಾಮಾನ್ಯ ಸೀಸನ್‌ನಲ್ಲಿ ನೂರು ಮ್ಯಾಚ್‌ಗೆ ಸುಮಾರು 45ರಲ್ಲಿ ತವರಿನ ತಂಡ ಗೆಲ್ಲುತ್ತದೆ, ಸುಮಾರು 30ರಲ್ಲಿ ಹೊರಗಿನಿಂದ ಬಂದವರು, ಉಳಿದವು ಡ್ರಾ. ಇದನ್ನು ಪಾಯಿಂಟ್‌ಗೆ ಇಳಿಸಿದರೆ ತವರಿನ ಮ್ಯಾಚ್ ಒಂದಕ್ಕೆ ಸರಾಸರಿ 1.6, ಹೊರಗಿನದ್ದಕ್ಕೆ ಸುಮಾರು 1.15. ಪಟ್ಟದ ಎದುರಾಳಿಯ ಜೊತೆಗಿನ ಎರಡು ಮ್ಯಾಚ್‌ಗಳಲ್ಲಿ ತವರಿನದ್ದೇ ಸುಲಭದ್ದು ಅಂದದ್ದು ಇದಕ್ಕೆ. ಅದನ್ನೇ ಸೋತರೆ ಉಳಿಯುವುದು ಕಷ್ಟದ್ದು. ಅವರ ಮೈದಾನ, ಅವರ ಜನ, ಅವರ ಗದ್ದಲ. ಅದು ಆಗಲೇ ಮುಗಿದಿದ್ದರೆ, ಸೇಡು ತೀರಿಸಿಕೊಳ್ಳಲು ಒಂದೂ ಇಲ್ಲ.

ಲಾಭ ಎಲ್ಲಿಂದ ಬರುತ್ತದೆ? ಪ್ರಯಾಣದ ಆಯಾಸ ಅಂತ ಮೊದಲು ಅನ್ನಿಸುತ್ತದೆ. ಆದರೆ ಇಂಗ್ಲೆಂಡ್ ಸಣ್ಣ ದೇಶ, ತಂಡಗಳು ಆರಾಮಾಗಿ ಬಂದು ಹೋಟೆಲ್‌ನಲ್ಲಿ ಮಲಗುತ್ತವೆ. ಮಡಿಕೇರಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಿಗ್ಗೆ ಆಡುವ ಹುಡುಗರ ಆಯಾಸ ಅವರಿಗೆ ಗೊತ್ತಿರಲಾರದು. ಮೈದಾನದ ಪರಿಚಯವೂ ಸ್ವಲ್ಪ ನೆರವಾಗುತ್ತದೆ. ಎದುರಾಳಿ ತವರಿಗೆ ಬಂದಾಗ ಆಟಗಾರರ ಮೈಯಲ್ಲಿ ಟೆಸ್ಟೋಸ್ಟೆರಾನ್ ಅನ್ನೋ ಹಾರ್ಮೋನ್ ಏರುವುದನ್ನೂ ಸಂಶೋಧಕರು ಕಂಡಿದ್ದಾರೆ. ತನ್ನ ಜಾಗ ಕಾಯುವ ಪ್ರಾಣಿಯ ಸ್ವಭಾವ ಅಂತ ಅವರ ವಿವರಣೆ.

ಆದರೆ ದೊಡ್ಡ ಪಾಲು ಜನರ ಗದ್ದಲದ್ದೇ. ಅದು ಆಟಗಾರರ ಮೇಲೆ ಕೆಲಸ ಮಾಡುವುದಕ್ಕಿಂತ ರೆಫರಿಯ ಮೇಲೆ ಜಾಸ್ತಿ ಕೆಲಸ ಮಾಡುತ್ತದೆ ಅನ್ನೋದು ಕುತೂಹಲದ ಸಂಗತಿ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 40 ರೆಫರಿಗಳಿಗೆ ಒಂದೇ ಮ್ಯಾಚಿನ ವಿಡಿಯೊ ತೋರಿಸಿದರು. ಅರ್ಧ ಜನರಿಗೆ ಪ್ರೇಕ್ಷಕರ ಸದ್ದಿನ ಜೊತೆ, ಇನ್ನರ್ಧ ಜನರಿಗೆ ಸದ್ದಿಲ್ಲದೆ. ಸದ್ದು ಕೇಳಿದವರು ತವರಿನ ತಂಡದ ವಿರುದ್ಧ ಕಡಿಮೆ ಫೌಲ್ ಕೊಟ್ಟರು. ಮೋಸ ಅಲ್ಲ. ಅನುಮಾನದ ಕ್ಷಣದಲ್ಲಿ ಮನುಷ್ಯನ ಕೈ ಸ್ವಲ್ಪ ತಡೆಯುತ್ತದೆ, ಅಷ್ಟೇ. ಸ್ಪೇನ್‌ನ ಮ್ಯಾಚ್‌ಗಳನ್ನು ನೋಡಿದ ಇನ್ನೊಂದು ಅಧ್ಯಯನದಲ್ಲಿ, ತವರಿನ ತಂಡ ಒಂದು ಗೋಲಿನಿಂದ ಹಿಂದಿದ್ದಾಗ ರೆಫರಿಗಳು ಹೆಚ್ಚುವರಿ ಸಮಯ ಜಾಸ್ತಿ ಕೊಡುತ್ತಿದ್ದದ್ದು ಗೊತ್ತಾಯಿತು.

ಇದನ್ನು ಇಡೀ ಲೀಗ್ ಮಟ್ಟದಲ್ಲಿ ಪರೀಕ್ಷಿಸುವ ಅವಕಾಶ ಕೋವಿಡ್‌ನಿಂದ ಸಿಕ್ಕಿತು. 2020-21ರ ಸೀಸನ್‌ನ ಬಹುಪಾಲು ಮ್ಯಾಚ್ ಖಾಲಿ ಮೈದಾನದಲ್ಲಿ ನಡೆದವು. ಆ ವರ್ಷ ಪ್ರೀಮಿಯರ್ ಲೀಗ್‌ನಲ್ಲಿ ತವರಿನ ಗೆಲುವು 144, ಹೊರಗಿನವರ ಗೆಲುವು 153. ಅದಕ್ಕೆ ಮೊದಲು ಇಂಗ್ಲೆಂಡಿನ ಮೇಲ್ದರ್ಜೆಯ ಲೀಗ್‌ನಲ್ಲಿ ಹೀಗೆ ಆಗಿಯೇ ಇರಲಿಲ್ಲ. ಲಿವರ್‌ಪೂಲ್ ಕಥೆ ಇನ್ನೂ ಕಣ್ಣಿಗೆ ಕಟ್ಟುವಂಥದ್ದು. ತವರಿನ ಆನ್‌ಫೀಲ್ಡ್‌ನಲ್ಲಿ ಸತತ 68 ಲೀಗ್ ಮ್ಯಾಚ್ ಸೋಲದೇ ಬಂದಿದ್ದ ತಂಡ ಅದು. 2021ರ ಜನವರಿಯಲ್ಲಿ ಬರ್ನ್‌ಲಿಗೆ ಸೋತದ್ದೇ ನೆಪ, ಖಾಲಿ ಆಸನಗಳ ನಡುವೆ ತವರಿನಲ್ಲಿ ಸಾಲಾಗಿ ಆರು ಮ್ಯಾಚ್ ಸೋತಿತು. ಅದರಲ್ಲಿ ಒಂದು ಸಿಟಿಗೆ, 1-4ರಲ್ಲಿ. ಗಾಯಗಳ ಸಮಸ್ಯೆಯೂ ಇತ್ತು, ಎಲ್ಲವನ್ನೂ ಖಾಲಿ ಕುರ್ಚಿಗಳ ತಲೆಗೆ ಕಟ್ಟುವುದು ಸರಿಯಲ್ಲ.

ಜನ ತುಂಬಿರುವಾಗ, ಗಾಳಿ ನಮ್ಮ ಕಡೆ ಇರುವಾಗ ಸೋತರೆ ನೆಪ ಹೇಳಲು ಏನೂ ಉಳಿಯುವುದಿಲ್ಲ. ತವರಿನ ಸೋಲಿನ ವಿಶೇಷ ಕಹಿ ಇದೇ.

ಕಂಠೀರವದ ಆ ಡ್ರಾ

ಇಂಗ್ಲೆಂಡ್ ಯಾಕೆ, ನಮ್ಮ ಬೆಂಗಳೂರಿನಲ್ಲೇ ಇಂಥದ್ದು ನಡೆದಿದೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್, ಅಂದರೆ ಆಗಿನ ದೇಶದ ಮೇಲ್ದರ್ಜೆಯ ಲೀಗ್, ಗೆದ್ದಿತ್ತು. ಎರಡನೇ ವರ್ಷ ಪೈಪೋಟಿ ಕೋಲ್ಕತಾದ ಮೋಹನ್ ಬಗಾನ್ ಜೊತೆ. ಟೇಬಲ್ ಹೇಗೆ ಕೂಡಿಬಂತು ಅಂದರೆ, ಕೊನೆಯ ಮ್ಯಾಚ್ ಇವರಿಬ್ಬರ ನಡುವೆಯೇ. 2015ರ ಮೇ 31, ಶ್ರೀ ಕಂಠೀರವ ಕ್ರೀಡಾಂಗಣ. ಬಗಾನ್ 38 ಪಾಯಿಂಟ್, ಬೆಂಗಳೂರು 36.

ಲೆಕ್ಕ ಸರಳ. ಬೆಂಗಳೂರು ಗೆದ್ದರೆ 39, ಪಟ್ಟ ಅವರದ್ದು. ಬಗಾನ್‌ಗೆ ಡ್ರಾ ಸಾಕು. ಮೊದಲ ಅವಧಿಯಲ್ಲಿ ಜಾನ್ ಜಾನ್ಸನ್ ಗೋಲಿನಿಂದ ಬೆಂಗಳೂರು 1-0 ಮುಂದಾಯಿತು. 87ನೇ ನಿಮಿಷದವರೆಗೂ ಪಟ್ಟ ಬೆಂಗಳೂರಿನ ಕೈಯಲ್ಲೇ ಇತ್ತು. ಆಗ ಬಗಾನ್‌ನ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ ಗೋಲು ಒಳಗೆ ಹೋಯಿತು. 1-1. ಸ್ಕೋರ್‌ಬೋರ್ಡ್ ಪ್ರಕಾರ ಯಾರೂ ಸೋಲಲಿಲ್ಲ. ಬಗಾನ್ 39, ಬೆಂಗಳೂರು 37. ತವರಿನ ಜನರ ಎದುರೇ ಇನ್ನೊಬ್ಬರು ಕಪ್ ಎತ್ತಿದರು.

ಒಂದು ಫಲಿತಾಂಶದ ತೂಕ ಸ್ಕೋರಿನಲ್ಲಿ ಇರುವುದಿಲ್ಲ, ಟೇಬಲ್‌ನಲ್ಲಿ ಇರುತ್ತದೆ. ಕೆಲವು ಡ್ರಾ ಸೋಲಿಗಿಂತ ಭಾರ, ಕೆಲವು ಸೋಲು ಹಗುರ. 'ಎಷ್ಟಕ್ಕೆ ಸೋತ್ರು?' ಅನ್ನೋದಕ್ಕಿಂತ 'ಈಗ ಎಷ್ಟು ಹಿಂದೆ?' ಅನ್ನೋದು ಒಳ್ಳೆಯ ಪ್ರಶ್ನೆ.

ಎಂಟು ಸಾವಿರ ಕಿಲೋಮೀಟರ್ ದೂರದ ನೋವು

ಇಷ್ಟೆಲ್ಲ ಲೆಕ್ಕ ಒಪ್ಪಿದರೂ ದೊಡ್ಡವರಿಗೆ ಒಂದು ಅನುಮಾನ ಉಳಿಯುತ್ತದೆ. ಗೋಣಿಕೊಪ್ಪದ ಹುಡುಗನಿಗೂ ಲಂಡನ್ನಿನ ಮೈದಾನಕ್ಕೂ ಏನು ಸಂಬಂಧ? ಅವನು ಆ ಹುಲ್ಲು ಮುಟ್ಟಿಲ್ಲ. ಅವನಿಗೆ ಅದು 'ತವರು' ಹೇಗಾಯಿತು?

ಮನಶ್ಶಾಸ್ತ್ರಜ್ಞರು ಇದನ್ನು ಬಹಳ ಹಿಂದೆಯೇ ನೋಡಿದ್ದಾರೆ. ಅಮೆರಿಕದ ರಾಬರ್ಟ್ ಚಾಲ್ಡಿನಿ ಮತ್ತು ಜೊತೆಗಾರರು 1976ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧ. ಕಾಲೇಜು ತಂಡ ಗೆದ್ದ ವಾರಾಂತ್ಯದ ನಂತರದ ಸೋಮವಾರ ವಿದ್ಯಾರ್ಥಿಗಳು ಆ ಕಾಲೇಜಿನ ಹೆಸರಿರುವ ಬಟ್ಟೆ ಜಾಸ್ತಿ ಹಾಕಿಕೊಂಡು ಬರುತ್ತಿದ್ದರು. ಮೈದಾನದಲ್ಲಿ ಅವರು ಒಂದು ಹೆಜ್ಜೆಯೂ ಓಡಿರಲಿಲ್ಲ. ಆದರೂ ಗೆಲುವು ತಮ್ಮದು. ತಂಡ ಅನ್ನೋದು ಮನುಷ್ಯ ತನ್ನನ್ನು ತಾನು ಗುರುತಿಸಿಕೊಳ್ಳುವ ಒಂದು ದಾರಿ. ಅದಕ್ಕೆ ವೀಸಾ ಬೇಡ.

ಗೆಲುವು ಹೀಗೆ ನಮ್ಮದಾದರೆ ಸೋಲೂ ನಮ್ಮದಾಗಬೇಕಲ್ವಾ? ಕೆಲವರು ಸೋತಾಗ ಮೆಲ್ಲಗೆ ಜಾರಿಕೊಳ್ಳುತ್ತಾರೆ, ಜೆರ್ಸಿ ಬೀರುವಿಗೆ ಹೋಗುತ್ತದೆ. ಗಟ್ಟಿ ಅಭಿಮಾನಿಗೆ ಆ ಸೌಲಭ್ಯ ಇಲ್ಲ. ಅವನ ಮೈಯೂ ಸುಮ್ಮನಿರುವುದಿಲ್ಲ. 1994ರ ವಿಶ್ವಕಪ್ ಫೈನಲ್ ನೋಡುತ್ತಿದ್ದ ಬ್ರೆಜಿಲ್ ಮತ್ತು ಇಟಲಿ ಅಭಿಮಾನಿಗಳ ಎಂಜಲು ಪರೀಕ್ಷೆ ಮಾಡಿದಾಗ ಗೆದ್ದವರ ಟೆಸ್ಟೋಸ್ಟೆರಾನ್ ಏರಿತ್ತು, ಸೋತವರದ್ದು ಇಳಿದಿತ್ತು. ಆಡಿದವರದ್ದಲ್ಲ, ಟಿವಿ ಮುಂದೆ ಕೂತವರದ್ದು. 2006ರ ವಿಶ್ವಕಪ್ ವೇಳೆ ಜರ್ಮನಿಯ ಮ್ಯಾಚ್ ಇದ್ದ ದಿನ ಮ್ಯೂನಿಕ್ ಸುತ್ತಮುತ್ತ ಹೃದಯದ ತುರ್ತು ಪ್ರಕರಣಗಳು ಬೇರೆ ದಿನಕ್ಕಿಂತ ಎರಡೂವರೆ ಪಟ್ಟಿಗೂ ಜಾಸ್ತಿ ಇದ್ದವು.

ಇನ್ನೊಂದು ಅಂಶ ಅಭಿಮಾನಿಯ ಪಾಲಿಗೆ ಅಷ್ಟೇನೂ ಲಾಭದ್ದಲ್ಲ. ಬ್ರಿಟನ್ನಿನಲ್ಲಿ ಸಾವಿರಾರು ಜನ ಮೊಬೈಲ್ ಆ್ಯಪ್‌ನಲ್ಲಿ ದಾಖಲಿಸಿದ ಮನಸ್ಥಿತಿಯನ್ನು ಸಸೆಕ್ಸ್ ವಿಶ್ವವಿದ್ಯಾಲಯದ ಇಬ್ಬರು ಅರ್ಥಶಾಸ್ತ್ರಜ್ಞರು ಫುಟ್‌ಬಾಲ್ ಫಲಿತಾಂಶಗಳ ಜೊತೆ ಹೊಂದಿಸಿ ನೋಡಿದರು. ಗೆದ್ದಾಗ ಸಿಗುವ ಖುಷಿಗಿಂತ ಸೋತಾಗ ಆಗುವ ಬೇಸರ ಸುಮಾರು ಎರಡು ಪಟ್ಟು. ಅಂದರೆ ಗೆಲುವು ಸೋಲು ಸಮ ಸಮ ಇರುವ ತಂಡದ ಅಭಿಮಾನಿ ಒಟ್ಟಾರೆ ನಷ್ಟದಲ್ಲೇ ಇರುತ್ತಾನೆ. ಗೆಲ್ಲುತ್ತಲೇ ಇರುವ ತಂಡದ ಅಭಿಮಾನಿಗೆ ಇನ್ನೊಂದು ತೊಂದರೆ: ನಿರೀಕ್ಷೆ ದೊಡ್ಡದಾದಷ್ಟೂ ಬೀಳುವ ಎತ್ತರ ಜಾಸ್ತಿ. ಪಟ್ಟದ ಪೈಪೋಟಿಯಲ್ಲಿ, ತವರಿನಲ್ಲಿ ಆಡುವಾಗ ಆ ನಿರೀಕ್ಷೆ ಅತ್ಯಂತ ಮೇಲಿರುತ್ತದೆ.

ಮರುದಿನ ಅವನು ಆಡುವ ಮಾತುಗಳು

ಮೌನ ಮುರಿದ ಮೇಲೆ ಅವನು ಏನೇನೋ ಹೇಳುತ್ತಾನೆ. ಕೆಲವಕ್ಕೆ ಅರ್ಥ ಇದೆ, ಕೆಲವು ಬರೀ ಮುಲಾಮು.

'ಇನ್ನೂ ನಮ್ಮ ಕೈಯಲ್ಲೇ ಇದೆ' ಅಂದರೆ ಉಳಿದ ಮ್ಯಾಚ್ ಎಲ್ಲ ಗೆದ್ದರೆ ಬೇರೆಯವರು ಏನು ಮಾಡಿದರೂ ಪಟ್ಟ ನಮ್ಮದು ಅಂತ. 'ನಮ್ಮ ಕೈಯಲ್ಲಿಲ್ಲ' ಅಂದರೆ ನಾವು ಎಲ್ಲ ಗೆದ್ದರೂ ಸಾಲದು, ಎದುರಾಳಿ ಎಲ್ಲಾದರೂ ಎಡವಬೇಕು. ಎದುರಾಳಿಗೆ ಸೋತ ಮ್ಯಾಚ್ ಅನೇಕ ಸಲ ಈ ಗೆರೆಯನ್ನೇ ದಾಟಿಸುತ್ತದೆ. ಆಮೇಲಿನ ವಾರಗಳಲ್ಲಿ ಅವನು ತನ್ನ ತಂಡದ ಮ್ಯಾಚ್ ಜೊತೆ ಎದುರಾಳಿಯ ಮ್ಯಾಚನ್ನೂ ನೋಡುತ್ತಾ, ಅವರ ವಿರುದ್ಧ ಆಡುವ ಹೆಸರೇ ಗೊತ್ತಿಲ್ಲದ ತಂಡಕ್ಕೆ ಜೈ ಅನ್ನುವುದು ಇದಕ್ಕೇ.

'ನಮಗೆ ಒಂದು ಗೇಮ್ ಇನ್ ಹ್ಯಾಂಡ್ ಇದೆ' ಅಂದರೆ ಅವರಿಗಿಂತ ನಾವು ಒಂದು ಮ್ಯಾಚ್ ಕಡಿಮೆ ಆಡಿದ್ದೇವೆ, ಮೂರು ಪಾಯಿಂಟ್ ಬರಬಹುದು. ಬರಬಹುದು ಅಷ್ಟೇ. ಟೇಬಲ್‌ನಲ್ಲಿ ಆಗಲೇ ಇರುವ ಪಾಯಿಂಟ್ ಯಾವತ್ತೂ ಮೇಲು.

'ಎಕ್ಸ್‌ಜಿ ಪ್ರಕಾರ ನಾವೇ ಗೆಲ್ಲಬೇಕಿತ್ತು.' ಎಕ್ಸ್‌ಜಿ ಅಂದರೆ ಪ್ರತಿ ಹೊಡೆತವೂ ಗೋಲಾಗುವ ಸಂಭವ ಎಷ್ಟು ಅಂತ ಸೊನ್ನೆಯಿಂದ ಒಂದರೊಳಗೆ ಕೊಡುವ ಅಂಕ. ಹಿಂದಿನ ಸಾವಿರಾರು ಹೊಡೆತಗಳನ್ನು ನೋಡಿ, ದೂರ, ಕೋನ ಎಲ್ಲ ಲೆಕ್ಕ ಹಾಕಿ ಕೊಡುತ್ತಾರೆ. ಪೆನಾಲ್ಟಿಗೆ ಅದು 0.8ರ ಹತ್ತಿರ. ದೂರದಿಂದ ಬೀಸಿ ಹೊಡೆದದ್ದಕ್ಕೆ ತೀರಾ ಕಡಿಮೆ. ಎಲ್ಲ ಕೂಡಿಸಿದರೆ ಯಾರು ಒಳ್ಳೆಯ ಅವಕಾಶ ಮಾಡಿಕೊಂಡರು ಅಂತ ಗೊತ್ತಾಗುತ್ತದೆ. ಮುಂದಿನ ಮ್ಯಾಚ್‌ಗಳ ಬಗ್ಗೆ ಅಂದಾಜು ಮಾಡಲು ಒಳ್ಳೆಯದು. ಮುಗಿದ ಮ್ಯಾಚಿಗೆ ಪಾಯಿಂಟ್ ಕೊಡಿಸುವುದಿಲ್ಲ.

'ರೆಫರಿ ಮೋಸ ಮಾಡಿದ.' ಇದಕ್ಕೆ ವಿವರಣೆ ಬೇಕಾಗಿಲ್ಲ. ಹಾಕಿಯಲ್ಲೂ ಕೇಳಿದ್ದೇವೆ.

ಅವನಿಗೆ ನಿಜವಾಗಿ ಬೇಕಾಗಿರುವುದು ಉಳಿದ ಮ್ಯಾಚ್‌ಗಳ ಪಟ್ಟಿ. ತನ್ನ ತಂಡಕ್ಕೆ ತವರಿನಲ್ಲಿ ಎಷ್ಟು, ಹೊರಗೆ ಎಷ್ಟು? ಎದುರಾಳಿಗೆ ನಡುವಾರ ಯುರೋಪಿನ ಟೂರ್ನಿಯ ಹೊರೆ ಇದೆಯಾ? ಕೆಳಗಿನ ದರ್ಜೆಯ ಲೀಗ್‌ಗೆ ಬಿದ್ದು ಹೋಗದಂತೆ ಒದ್ದಾಡುತ್ತಿರುವ ತಂಡಗಳ ಜೊತೆ ಯಾರು ಆಡಬೇಕು? ಅಂಥ ತಂಡಗಳು ಏಪ್ರಿಲ್, ಮೇನಲ್ಲಿ ಪ್ರಾಣ ಕೊಟ್ಟು ಆಡುತ್ತವೆ. ಯುನೈಟೆಡ್‌ಗೆ ವಿಗಾನ್ ಮಾಡಿದ್ದು ಅದನ್ನೇ.

ಮೇ ತಿಂಗಳವರೆಗೆ ಮನೆಯವರಿಗೆ ಕೆಲಸಕ್ಕೆ ಬರುವ ವೇಳಾಪಟ್ಟಿ

ಚಳಿಗಾಲದಲ್ಲಿ ಇಂಗ್ಲೆಂಡಿಗೂ ನಮಗೂ ಐದೂವರೆ ಗಂಟೆ ವ್ಯತ್ಯಾಸ. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುವುದರಿಂದ ನಮಗೆ ಅದು ನಾಲ್ಕೂವರೆ ಆಗುತ್ತದೆ. ಹಾಗಾಗಿ ಶನಿವಾರ ಅಲ್ಲಿನ ಸಂಜೆ ಐದೂವರೆಯ ಮ್ಯಾಚ್ ಜನವರಿಯಲ್ಲಿ ಇಲ್ಲಿ ರಾತ್ರಿ 11ಕ್ಕೆ, ಏಪ್ರಿಲ್‌ನಲ್ಲಿ 10ಕ್ಕೆ. ನಡುವಾರ ಅಲ್ಲಿ ರಾತ್ರಿ ಎಂಟರದ್ದು ಇಲ್ಲಿ ಮಧ್ಯರಾತ್ರಿ ಕಳೆದು 1.30ಕ್ಕೆ, ಏಪ್ರಿಲ್ ಆದರೆ 12.30ಕ್ಕೆ.

ಕೊನೆಯ ದಿನ ಮಾತ್ರ ಹತ್ತೂ ಮ್ಯಾಚ್ ಒಂದೇ ಹೊತ್ತಿಗೆ ಶುರುವಾಗುತ್ತವೆ. ಬೇರೆಯವರ ಫಲಿತಾಂಶ ನೋಡಿಕೊಂಡು ಯಾರೂ ತಮ್ಮ ಆಟ ಬದಲಿಸಬಾರದು ಅಂತ ಈ ಏರ್ಪಾಡು. ಈಚಿನ ವರ್ಷಗಳಲ್ಲಿ ಅದು ಅಲ್ಲಿ ಸಂಜೆ ನಾಲ್ಕು, ಇಲ್ಲಿ ರಾತ್ರಿ ಎಂಟೂವರೆ. ಪಟ್ಟ ಆ ದಿನದವರೆಗೂ ಇತ್ಯರ್ಥವಾಗದೆ ಉಳಿದಿದ್ದರೆ ಅವನು ಟಿವಿಯಲ್ಲಿ ಒಂದು ಮ್ಯಾಚ್, ಮೊಬೈಲ್‌ನಲ್ಲಿ ಇನ್ನೊಂದು ಇಟ್ಟುಕೊಂಡು ಕೂರುತ್ತಾನೆ. ಮೇ ತಿಂಗಳ ಸಂಜೆಯ ಗುಡುಗು ಮಳೆಗೆ ಕರೆಂಟ್ ಹೋಗುವುದು ಇಲ್ಲಿ ಮಾಮೂಲು. ಇನ್ವರ್ಟರ್ ಚಾರ್ಜ್ ಇದೆಯಾ ಅಂತ ಮಧ್ಯಾಹ್ನವೇ ನೋಡಿಕೊಂಡರೆ ಒಳ್ಳೆಯದು.